ನಿಂತ ಗಾಡಿಯ ಪಕ್ಕದ ಐದು ನಿಮಿಷ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಚಿತ್ರದುರ್ಗ ಬಿಟ್ಟು ದಾವಣಗೆರೆ ಕಡೆ ಹೊರಟ ಹಳೆ ಥಂಡರ್‌ಬರ್ಡ್ ಬೈಕ್ ಒಂದು ಭರಮಸಾಗರ ದಾಟಿ ಸ್ವಲ್ಪ ದೂರ ಬರುತ್ತಲೇ ಎರಡು ಸಲ ಮುಗ್ಗರಿಸಿ ನಿಲ್ಲುತ್ತದೆ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಓಡಿಸುವವರು ಬೇವಿನ ನೆರಳಿಗೆ ತಳ್ಳಿಕೊಂಡು ಹೋಗಿ, ನೀರು ಕುಡಿದು, ಮನೆಗೆ ಫೋನ್ ಮಾಡಿ, ಅರ್ಧ ಗಂಟೆ ಬಿಟ್ಟು ಕಿಕ್ಕರ್ ತುಳಿದರೆ ಒಂದೇ ಏಟಿಗೆ ಗುಡುಗುತ್ತದೆ. ಮಾರನೆಯ ದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿ ಅದು ಪರಮ ಸಾಧು. ಮೆಕ್ಯಾನಿಕ್ ಪ್ಲಗ್ ಬದಲಿಸುತ್ತಾರೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಾರೆ, ಬ್ಯಾಟರಿಯೂ ಹಳೆಯದಾಗಿದೆ ಎನ್ನುತ್ತಾರೆ. ಮೂರು ಸಾವಿರ ಖರ್ಚಾಗುತ್ತದೆ. ಹದಿನೈದು ದಿನ ಬಿಟ್ಟು ಗಾಡಿ ಮತ್ತೆ ಅದೇ ಬಿಸಿಲಲ್ಲಿ, ಆನಗೋಡಿನ ಹತ್ತಿರ ನಿಲ್ಲುತ್ತದೆ.

ಇಲ್ಲಿ ಮೆಕ್ಯಾನಿಕ್‌ನನ್ನು ಬಯ್ದು ಪ್ರಯೋಜನವಿಲ್ಲ. ಅವರ ಕೈಗೆ ಬಂದದ್ದು ಕಾಯಿಲೆ ಇಲ್ಲದ ಗಾಡಿ. ಬಿಸಿಯಾದಾಗ ಮಾತ್ರ ಕಾಣಿಸಿಕೊಳ್ಳುವ ದೋಷದ ಸಾಕ್ಷಿ ಗಾಡಿ ತಣ್ಣಗಾಗುವುದರೊಳಗೆ ಅಳಿಸಿಹೋಗುತ್ತದೆ. ಆ ಸಾಕ್ಷಿಯನ್ನು ಹಿಡಿಯಬಲ್ಲವರು ನಿಂತ ಗಾಡಿಯ ಪಕ್ಕದಲ್ಲಿ ಇರುವವರು ಮಾತ್ರ, ಅದೂ ಮೊದಲ ಐದು ನಿಮಿಷದಲ್ಲಿ. ಹಳೆಯ ಟೂರಿಂಗ್ ಗಾಡಿ ಇಟ್ಟುಕೊಂಡವರಿಗೆ ಎಂಜಿನ್ ಬಿಚ್ಚಲು ಬರಬೇಕಿಲ್ಲ. ಆದರೆ ಈ ಐದು ನಿಮಿಷದ ಕೆಲಸ ಗೊತ್ತಿರಲೇಬೇಕು.

ಯಾವ ಗಾಡಿಯ ಮಾತು ಎಂಬುದನ್ನು ಮೊದಲೇ ಹೇಳುವುದು ಒಳ್ಳೆಯದು. 2008ರಲ್ಲಿ ಥಂಡರ್‌ಬರ್ಡ್ ಟ್ವಿನ್‌ಸ್ಪಾರ್ಕ್‌ನ ಜೊತೆ ಬಂದು, ಆಮೇಲೆ ಕ್ಲಾಸಿಕ್, ಎಲೆಕ್ಟ್ರಾಗಳಿಗೂ ಕೂತ ರಾಯಲ್ ಎನ್‌ಫೀಲ್ಡ್‌ನ 346 ಸಿಸಿ ಯುಸಿಇ (ಯುನಿಟ್ ಕನ್‌ಸ್ಟ್ರಕ್ಷನ್) ಎಂಜಿನ್. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಗೇರ್‌ಬಾಕ್ಸ್ ಎಂಜಿನ್ನಿನ ಒಡಲಲ್ಲೇ ಇದೆ. ಎರಡು ಪ್ಲಗ್, ಹೈಡ್ರಾಲಿಕ್ ಟ್ಯಾಪೆಟ್, ಸಿವಿ ಕಾರ್ಬೊರೇಟರ್ (ಒಳಗೆ ರಬ್ಬರ್ ಡಯಾಫ್ರಮ್ ಇರುವಂಥದ್ದು). 2020ರ ಬಿಎಸ್6 ಹೊಗೆ ನಿಯಮ ಬರುವವರೆಗೂ 350ರಲ್ಲಿ ಕಾರ್ಬೊರೇಟರೇ ಇತ್ತು. ಕೆಎ-16, ಕೆಎ-17 ನಂಬರಿನ ಮೊದಲ ಸಾಲಿನ ಗಾಡಿಗಳು ಈಗ ಆರ್‌ಸಿಯ 15 ವರ್ಷ ಮುಗಿಸಿ ನವೀಕರಣದ ಹಂತ ದಾಟಿವೆ. ಮುಂದೆ ಬರುವುದರಲ್ಲಿ ಬಹುಪಾಲು ಬೇರೆ ಕಂಪನಿಯ ಕಾರ್ಬೊರೇಟರ್ ಗಾಡಿಗಳಿಗೂ ಹೊಂದುತ್ತದೆ. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್‌ಗೆ ಹೊಂದದ ಕಡೆ ಅಲ್ಲಲ್ಲಿ ಹೇಳುತ್ತೇನೆ.

ಗಾಡಿ ನಿಂತಿತು. ಎಲ್ಲರ ಕೈ ಮೊದಲು ಹೋಗುವುದು ಟ್ಯಾಂಕಿನ ಮುಚ್ಚಳಕ್ಕೆ, ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು. ತೆರೆಯಬೇಡಿ. ಟ್ಯಾಂಕಿನೊಳಗೆ ಗಾಳಿ ಹೋಗಲು ಮುಚ್ಚಳದಲ್ಲಿ ಒಂದು ಸಣ್ಣ ದಾರಿ ಇರುತ್ತದೆ. ದೂಳು, ತುಕ್ಕು, ವಾಟರ್ ಸರ್ವಿಸ್‌ನ ಸೋಪು ಸೇರಿ ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿಯ ಒತ್ತಡ ಕುಸಿದು, ಕೊನೆಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಮುಚ್ಚಳ ತೆರೆದ ಕ್ಷಣ ಗಾಳಿ ಒಳನುಗ್ಗಿ ಎಲ್ಲವೂ ಸರಿಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದರೂ ಅಷ್ಟೇ, ಸಂದಿಯಿಂದ ಗಾಳಿ ನಿಧಾನಕ್ಕೆ ಒಳಸೇರಿ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ.

ಆದ್ದರಿಂದ ಮೊದಲ ಕೆಲಸ ಕೆಳಗಡೆ. ಪೆಟ್ರೋಲ್ ಕಾಕ್ ಆನ್‌ನಲ್ಲೇ ಇರಲಿ. ಕಾರ್ಬೊರೇಟರ್ ತಳದಲ್ಲಿರುವ ಬಟ್ಟಲಿನ ಡ್ರೈನ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಅದರ ಪೈಪಿನ ಬಾಯಿಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಬಟ್ಟಲಿನಲ್ಲಿ ಇದ್ದದ್ದು ಮೊದಲ ಕೆಲವು ಸೆಕೆಂಡು ಹೇಗೂ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಪ್ಪತ್ತು ಸೆಕೆಂಡಿನ ನಂತರವೂ ಒಂದೇ ಸಮ ಸುರಿಯುತ್ತಿದ್ದರೆ ಪೆಟ್ರೋಲ್ ಕಡೆ ತೊಂದರೆ ಇಲ್ಲ. ಧಾರೆ ತೆಳುವಾಗಿ ಹನಿಗೆ ಇಳಿದರೆ ಈಗ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಎಳೆದುಕೊಂಡು ಧಾರೆ ಮರಳಿದರೆ ದೋಷ ಮುಚ್ಚಳದ್ದು. ಸಾವಿರ ರೂಪಾಯಿಯ ಕೆಲಸವಲ್ಲ, ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿಸಿದರೆ ಆಯಿತು. ಮುಚ್ಚಳ ತೆರೆದರೂ ಧಾರೆ ಬರದಿದ್ದರೆ ರಿಸರ್ವ್‌ಗೆ ತಿರುಗಿಸಿ. ಅದರಲ್ಲಿ ಬಂದರೆ ಆನ್ ಕೊಳವೆಯ ಮಟ್ಟಕ್ಕಿಂತ ಪೆಟ್ರೋಲ್ ಇಳಿದಿದೆ, ಇಲ್ಲವೇ ಆ ಕೊಳವೆಯ ಜಾಲರಿ ಕಟ್ಟಿದೆ. ಎರಡರಲ್ಲೂ ಬರದಿದ್ದರೆ ಕಾಕ್, ಪೈಪ್, ಅಥವಾ ಕಾರ್ಬೊರೇಟರಿನ ಬಟ್ಟಲಿಗೆ ಪೆಟ್ರೋಲ್ ಬಿಡುವ, ತುಂಬಿದಾಗ ತಡೆಯುವ ಫ್ಲೋಟ್ ಸೂಜಿ. ಪೈಪನ್ನು ಕಾರ್ಬೊರೇಟರ್ ತುದಿಯಲ್ಲಿ ಕಿತ್ತು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಇವೆಲ್ಲ ಮಾಡುವಾಗ ಸೈಲೆನ್ಸರ್ ಬೆಂಡ್ ಕೆಂಡದಂತಿರುತ್ತದೆ ಎಂಬ ನೆನಪಿರಲಿ. ಬಾಟಲಿ ಹಿಡಿಯುವುದು ಬರೀ ಚೊಕ್ಕಟಕ್ಕಲ್ಲ.

ಬಾಟಲಿಗೆ ಬಿದ್ದ ಪೆಟ್ರೋಲನ್ನು ಬಿಸಿಲಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯಾಗಿ ಕೂತ ಒಂದು ಪದರ ಕಂಡರೆ ಅದು ನೀರು, ಅಥವಾ ನೀರು ಕುಡಿದ ಎಥನಾಲ್. ಕೆಂಪು ನುಚ್ಚು ಕಂಡರೆ ಟ್ಯಾಂಕಿನ ತುಕ್ಕು. ಈ ಎರಡರ ಬಗ್ಗೆ ಆಮೇಲೆ ಬರೋಣ.

ಪೆಟ್ರೋಲ್ ಸರಿ ಇದೆ ಎಂದಾದರೆ ಕಿಡಿ. ಬಾಟಲಿಯ ಮುಚ್ಚಳ ಹಾಕಿ ದೂರ ಇಟ್ಟು, ಡ್ರೈನ್ ಸ್ಕ್ರೂ ಬಿಗಿದು, ಆಮೇಲೆ ಮಾತ್ರ ಈ ಕೆಲಸ. ಸಿಲಿಂಡರಿನ ಪ್ಲಗ್ ಬಿಚ್ಚುವುದು ಬೇಡ, ಕ್ಯಾಪ್ ಕಿತ್ತು ಅದಕ್ಕೆ ಜೊತೆಗಿಟ್ಟ ಹೊಸ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಥ್ರೆಡ್ ಭಾಗವನ್ನು ಸಿಲಿಂಡರ್ ರೆಕ್ಕೆಗೆ ಒತ್ತಿ ಹಿಡಿದು ಸೆಲ್ಫ್ ಕೊಡಿ. ಬರಿಗೈಯಲ್ಲಿ ಹಿಡಿಯದೆ ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ಬಳಸಿ. ನೀಲಿ ಕಿಡಿ ಚಟಚಟ ಸದ್ದು ಮಾಡಬೇಕು. ಕೆಂಪಗೆ, ಸದ್ದಿಲ್ಲದೆ ಬಂದರೆ ಬಲವಿಲ್ಲ ಎಂದರ್ಥ. ಒಂದು ಕಡೆ ನೋಡಿ, ಇನ್ನೊಂದು ಕಡೆಯೂ ನೋಡಿ.

ಎರಡು ಪ್ಲಗ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಬಹಳ ಮಾತಾಡುತ್ತದೆ. ಒಂದರಲ್ಲಿ ಕಿಡಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ದೋಷ ಆ ಬದಿಯ ಕ್ಯಾಪ್, ವೈರು, ಕಾಯಿಲ್‌ನಲ್ಲಿ. ಆದರೆ ಅಷ್ಟರಿಂದಲೇ ಗಾಡಿ ನಿಲ್ಲುವುದಿಲ್ಲ, ಒಂದೇ ಪ್ಲಗ್ಗಿನಲ್ಲಿ ಅದು ಊರು ಸೇರುತ್ತದೆ. ಪಿಕಪ್ ಮಂಕಾಗಿ, ಮೈಲೇಜ್ ಇಳಿದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಎನ್ನುತ್ತದೆ ಅಷ್ಟೆ. ಎಷ್ಟೋ ಗಾಡಿಗಳು ತಿಂಗಳುಗಟ್ಟಲೆ ಹೀಗೆ ಒಂಟಿ ಪ್ಲಗ್ಗಿನಲ್ಲಿ ಓಡಾಡುತ್ತಿರುತ್ತವೆ, ಓಡಿಸುವವರಿಗೆ ಗೊತ್ತೇ ಇರುವುದಿಲ್ಲ. ಎರಡರಲ್ಲೂ ಒಟ್ಟಿಗೇ ಕಿಡಿ ಸತ್ತಿದ್ದರೆ ದೋಷ ಎರಡಕ್ಕೂ ಮೂಲವಾದ ಕಡೆಯೇ ಇರಬೇಕು: ಫ್ಯೂಸ್, ಕೀ ಸ್ವಿಚ್, ಕಿಲ್ ಸ್ವಿಚ್, ಎಂಜಿನ್ ತಿರುಗುವುದನ್ನು ಗಮನಿಸಿ ಕಿಡಿಗೆ ಸನ್ನೆ ಕೊಡುವ ಪಲ್ಸರ್ ಕಾಯಿಲ್, ಆ ಸನ್ನೆಯಂತೆ ಕಿಡಿ ಹೊಡೆಸುವ ಟಿಸಿಐ ಡಬ್ಬಿ. ಪ್ಲಗ್ ಬದಲಿಸಿ ಪ್ರಯೋಜನವಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

ಬಿಸಿಗೆ ಸೋಲುವುದರಲ್ಲಿ ಪಲ್ಸರ್ ಕಾಯಿಲ್ ಮುಖ್ಯ ಆರೋಪಿ. ಬಿಸಿ ಎಂಜಿನ್ನಿಗೆ ಅಂಟಿಕೊಂಡೇ ಅದರ ವಾಸ. ಒಳಗಿನ ಕೂದಲೆಳೆಯಂಥ ತಾಮ್ರದ ತಂತಿ ಎಲ್ಲಾದರೂ ಬಿಟ್ಟುಕೊಂಡಿದ್ದರೆ ತಣ್ಣಗಿದ್ದಾಗ ತುದಿಗೆ ತುದಿ ತಾಗಿರುತ್ತದೆ, ಬಿಸಿಗೆ ಹಿಗ್ಗಿ ದೂರವಾಗುತ್ತದೆ. ಪರೀಕ್ಷೆ ಸುಲಭ. ಮನೆಯಲ್ಲಿ ತಣ್ಣಗಿದ್ದಾಗ ಅದರ ವೈರಿನ ಕಪ್ಲರ್ (ಜೋಡಣೆ) ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ಅಳೆದು ಬರೆದಿಡಿ. ಗಾಡಿ ನಿಂತಾಗ ಅಲ್ಲೇ ಮತ್ತೆ ಅಳೆಯಿರಿ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಏರುತ್ತದೆ. ಕಾಯಿಲ್ 60 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಓದು ಕಾಲು ಭಾಗ ಏರುವುದು ಸಹಜ. ಅದಕ್ಕೂ ಮೀರಿ ಎರಡು ಮೂರು ಪಟ್ಟು ತೋರಿಸಿದರೆ ಅಥವಾ ಮೀಟರು ಏನನ್ನೂ ತೋರಿಸದಿದ್ದರೆ ಆರೋಪಿ ಸಿಕ್ಕಂತೆ. ಮಲ್ಟಿಮೀಟರ್ ಇಲ್ಲದವರು ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿ ಆ ಕಾಯಿಲ್ ಇರುವ ಕವರಿನ ಮೇಲೆ ಹಾಕಿ, ತಣ್ಣಗಾಗುತ್ತಲೇ ಕಿಡಿ ಮರಳುತ್ತದೆಯೇ ಎಂದು ನೋಡುತ್ತಾರೆ. ಬಿಸಿ ಎಂಜಿನ್ನಿಗೆ ನೀರು ಸುರಿಯುವುದು ಬೇರೆ, ಕವರಿಗೆ ಒದ್ದೆ ಬಟ್ಟೆ ಹಾಕುವುದು ಬೇರೆ. ಮೊದಲನೆಯದನ್ನು ಮಾತ್ರ ಯಾವತ್ತೂ ಮಾಡಬೇಡಿ.

ಕಿಲ್ ಸ್ವಿಚ್ ಕಡೆಗೂ ಒಂದು ಮಾತು. ಹ್ಯಾಂಡಲ್‌ನಿಂದ ಬರುವ ವೈರಿನ ಕಟ್ಟು ಹೆಡ್‌ಲೈಟ್ ಹಿಂದೆ ಸಾವಿರಾರು ಸಲ ಬಾಗಿ ನೆಟ್ಟಗಾಗಿ, ಪ್ಲಾಸ್ಟಿಕ್ ಸರಿ ಇದ್ದರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಗಾಡಿ ಐಡಲ್‌ನಲ್ಲಿರುವಾಗ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ. ಎಲ್ಲಾದರೂ ಮಿಸ್ಸಿಂಗ್ ಹೊಡೆದರೆ ಅಥವಾ ನಿಂತರೆ ಬೇರೆ ಎಲ್ಲೂ ಹುಡುಕುವುದು ಬೇಡ.

ಪೆಟ್ರೋಲೂ ಇದೆ, ಕಿಡಿಯೂ ಇದೆ, ಆದರೂ ಇಲ್ಲ? ಆಗ ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಮಡುಗಟ್ಟಿದೆ. ಫ್ಲೋಟ್ ಸೂಜಿಯ ಕೆಳಗೆ ಕಸ ಕೂತು ಬಟ್ಟಲು ಉಕ್ಕುತ್ತಿದೆ. ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಏಳೆಂಟು ಕಿಕ್ ಹೊಡೆದರೆ ಒಣಗುತ್ತದೆ.

ಇಷ್ಟಕ್ಕೆ ಐದು ನಿಮಿಷ ಸಾಕು. ಗ್ಯಾರೇಜಿಗೆ ಹೋದಾಗ "ಬಿಸಿ ಆದ್ರೆ ನಿಲ್ತದ್ರಿ" ಎನ್ನುವ ಬದಲು "ಪೆಟ್ರೋಲ್ ಬರ್ತಿತ್ತು, ಎರಡೂ ಪ್ಲಗ್ಗಿಗೆ ಕಿಡಿ ಇರ್ಲಿಲ್ಲ" ಎಂದರೆ ಅನುಭವಸ್ಥ ಮೆಕ್ಯಾನಿಕ್ ಕಾರ್ಬೊರೇಟರಿಗೆ ಕೈಯನ್ನೇ ಹಚ್ಚುವುದಿಲ್ಲ. ಅಂದಹಾಗೆ ಒಂದೇ ದಿನ ಮೂರು ಭಾಗ ಬದಲಿಸಿ ಗಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಬದಲಿಸಿ, 100 ಕಿಲೋಮೀಟರ್ ಓಡಿಸಿ, ಆಮೇಲೆ ಇನ್ನೊಂದು.

ಈಗ ಆ ಬಾಟಲಿಯ ತಳಕ್ಕೆ ಬರೋಣ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20. ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುತ್ತಾರಾದ್ದರಿಂದ ದಾವಣಗೆರೆ ಸೀಮೆಯ ರೈತ ಬೆಳೆದದ್ದೇ ತಿರುಗಿ ಅವನ ಟ್ಯಾಂಕಿಗೆ ಬಂದರೂ ಬಂದೀತು. ಬೆಳೆಗಾರನಿಗೆ ಒಳ್ಳೆಯದೇ. ಹಳೆ ಗಾಡಿಗೆ ಮೂರು ಪರಿಣಾಮ. ಒಂದು, ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೆಕ್ಕದ ಪ್ರಕಾರವೇ ಶೇ. 6-7ರಷ್ಟು ಮೈಲೇಜ್ ಇಳಿಯಬೇಕು. ಅಷ್ಟಕ್ಕೆ ಎಂಜಿನ್ ಮೇಲೆ ಅನುಮಾನ ಪಡಬೇಡಿ. ಎರಡು, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಮಿಶ್ರಣ ತೆಳುವಾಗುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿ ತಿಳಿ ಕಂದು ಇರುವ ಬದಲು ಸುಣ್ಣದಂತೆ ಬೆಳ್ಳಗಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಮೂರನೆಯದೇ ತ್ರಾಸದ್ದು: ಎಥನಾಲ್ ಹಳೆಯ ರಬ್ಬರನ್ನು ಊದಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ನೀರು-ಎಥನಾಲ್ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ರಿಸರ್ವ್‌ಗೆ ತಿರುಗಿಸಿದಾಗ ಕಾಕ್ ಮೊದಲು ಎಳೆಯುವುದು ಅದನ್ನೇ.

ಪರಿಹಾರಕ್ಕೆ ಯಾವ ಬಣ್ಣದ ಬಾಟಲಿಯ ಔಷಧಿಯೂ ಬೇಕಿಲ್ಲ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ, ಹಳೆಯ ತುಂಡನ್ನು ಅಳತೆಗೆ ಅಂಗಡಿಗೆ ಒಯ್ಯಿರಿ. ಬಟ್ಟಲಿನ ಓ-ರಿಂಗ್, ಕಾಕ್‌ನ ವಾಷರ್, ಫ್ಲೋಟ್ ಸೂಜಿ ಇವಿಷ್ಟನ್ನೂ ಒಂದೇ ಸಲ ಹೊಸದು ಹಾಕಿ. ಗಾಡಿ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಿ. ಮಳೆಗಾಲಕ್ಕೆ ಟ್ಯಾಂಕು ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗ ಕಡಿಮೆ ಇದ್ದಷ್ಟೂ ತುಕ್ಕು ಕಡಿಮೆ.

ಸಿವಿ ಕಾರ್ಬೊರೇಟರ್ ಬಿಚ್ಚುವಾಗ ನಮ್ಮ ಕಡೆ ಆಗುವ ತಪ್ಪುಗಳಲ್ಲಿ ಎರಡನ್ನು ಹೇಳಲೇಬೇಕು. ಮೇಲಿನ ಮುಚ್ಚಳದ ಕೆಳಗೆ ತೆಳು ರಬ್ಬರಿನ ಡಯಾಫ್ರಮ್ ಇದೆ. ಅದನ್ನು ಬಿಡಿಸಿಡದೆ ಇಡೀ ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ಅದ್ದಿದರೆ ಅಥವಾ ಕ್ಲೀನರ್ ಸ್ಪ್ರೇ ಹೊಡೆದರೆ ರಬ್ಬರು ಊದಿಕೊಂಡು ತನ್ನ ಜಾಗದಲ್ಲಿ ಕೂರುವುದೇ ಇಲ್ಲ. ಹರಿದಿದ್ದರೆ ಲಕ್ಷಣ ಸ್ಪಷ್ಟ: ಐಡಲ್ ಚೆನ್ನಾಗಿರುತ್ತದೆ, ರೇಸ್ ಕೊಟ್ಟರೆ ಅರ್ಧಕ್ಕಿಂತ ಮೇಲೆ ಏರುವುದಿಲ್ಲ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಇನ್ನೊಂದು, ಮಿಶ್ರಣದ ಸ್ಕ್ರೂ. ಹಳೆಯ ಬುಲೆಟ್ಟಿನ ಮಿಕ್‌ಕಾರ್ಬ್ ಕಾರ್ಬೊರೇಟರಿನಲ್ಲಿ ಸ್ಕ್ರೂ ಏರ್‌ಫಿಲ್ಟರ್ ಬದಿಗಿತ್ತು. ಅದು ಗಾಳಿಯ ಸ್ಕ್ರೂ, ಹೊರಕ್ಕೆ ಬಿಚ್ಚಿದರೆ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ. ಸ್ಕ್ರೂ ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲಿನ ಹಾದಿಯದ್ದು, ಹೊರಕ್ಕೆ ಬಿಚ್ಚಿದರೆ ಪೆಟ್ರೋಲ್ ಹೆಚ್ಚುತ್ತದೆ. ಹಳೆ ಬುಲೆಟ್ಟುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ ಕೈ ಅಭ್ಯಾಸಬಲದಿಂದ ಉಲ್ಟಾ ತಿರುಗಿಸಿಬಿಡುತ್ತದೆ. ಯಾವುದಕ್ಕೂ ಮೊದಲು ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ಕೂರುವವರೆಗೆ ತಿರುಗಿಸುತ್ತ ಎಷ್ಟು ಸುತ್ತು ಇತ್ತೆಂದು ಎಣಿಸಿ ಬರೆದುಕೊಳ್ಳಿ. ಪೈಲಟ್ ಜೆಟ್ಟಿನ ತೂತಿಗೆ ಪಿನ್ನು, ಸೂಜಿ ಹಾಕಬೇಡಿ, ಹಿತ್ತಾಳೆ ಬೇಗ ಅಗಲವಾಗುತ್ತದೆ. ವೈರಿನ ತಾಮ್ರದ ಒಂದೇ ಒಂದು ಎಳೆ ಸಾಕು.

ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕೊಳವೆ ಬಿರಿದಿದ್ದರೆ ಎಷ್ಟು ಟ್ಯೂನ್ ಮಾಡಿದರೂ ಐಡಲ್ ಕೂರುವುದಿಲ್ಲ. ಐಡಲ್‌ನಲ್ಲಿರುವಾಗ ಅದರ ಸುತ್ತ ಸೋಪು ನೀರನ್ನು ಹನಿಸಿ, ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಹೊಸ ರಬ್ಬರ್ ಹಾಕಿ, ಎಂ-ಸೀಲ್ ಹಚ್ಚಿ ದಾಟಿಸಬೇಡಿ.

ಕರೆಂಟಿನ ಕಡೆ. ಈ ಎಂಜಿನ್ನಿನ ದುರ್ಬಲ ಜಾಗ ಸೆಲ್ಫ್ ಸ್ಟಾರ್ಟಿನ ಸ್ಪ್ರ್ಯಾಗ್ ಕ್ಲಚ್. ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗಿನಂಥದ್ದು, ಸ್ಟಾರ್ಟರ್ ಮೋಟರಿಗೂ ಎಂಜಿನ್ನಿಗೂ ನಡುವೆ ಕೂತಿರುತ್ತದೆ. ಬ್ಯಾಟರಿ ಸೊರಗಿದ್ದಾಗ ಸೆಲ್ಫ್ ಒತ್ತಿದರೆ ಪಿಸ್ಟನ್ ಮೇಲಿನ ತುದಿ ದಾಟದೆ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಪೂರ್ತಿ ಬೀಳುವುದು ಇದರ ಮೇಲೆ. ಹೋದ ಮೇಲೆ ಮೋಟರು ಗರ್ರೆಂದು ತಿರುಗುತ್ತದೆ, ಎಂಜಿನ್ ಅಲುಗುವುದಿಲ್ಲ. ಅದನ್ನು ಬದಲಿಸಲು ಕೇಸ್ ಬಿಚ್ಚಬೇಕು, ಭಾಗಕ್ಕಿಂತ ಮಜೂರಿಯೇ ಭಾರ. ಕಿಕ್ಕರ್ ಇರುವುದು ಇದಕ್ಕಾಗಿಯೇ ಎಂದುಕೊಳ್ಳಿ. ಬೆಳಿಗ್ಗೆಯ ಮೊದಲ ಸ್ಟಾರ್ಟ್ ಕಿಕ್ಕಿನಲ್ಲಿ, ಹಾರನ್ ದನಿ ಕ್ಷೀಣಿಸಿದ ದಿನ ಎಲ್ಲಾ ಸ್ಟಾರ್ಟೂ ಕಿಕ್ಕಿನಲ್ಲಿ.

ಬ್ಯಾಟರಿಯ ಆರೋಗ್ಯ ಮೂರು ಓದಿನಲ್ಲಿ ತಿಳಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಮೋಟರು ತಿರುಗಿದರೂ ಕಿಡಿಗೆ ಉಳಿಯುವುದು ಅಷ್ಟಕ್ಕಷ್ಟೆ, ಅದಕ್ಕೇ ಸೆಲ್ಫಿಗೆ ಆಗದ ಗಾಡಿ ಕಿಕ್ಕಿಗೆ ಆಗುತ್ತದೆ. ಗಾಡಿ ರೇಸಿನಲ್ಲಿ ಇರುವಾಗ 13.8ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್, ವೋಲ್ಟೇಜನ್ನು ಹತೋಟಿಯಲ್ಲಿಡುವ ಡಬ್ಬಿ) ಹೋಗಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸಾಲಾಗಿ ಸುಡುತ್ತವೆ. 13ರ ಕೆಳಗೇ ಉಳಿದರೆ ಆರ್‌ಆರ್ ಯೂನಿಟ್ ಕೊಳ್ಳುವ ಮೊದಲು ಅದರ ಕಪ್ಲರ್ ಕಿತ್ತು ಮೂಸಿ ನೋಡಿ. ಹತ್ತರಲ್ಲಿ ಬಹುಪಾಲು ಸಲ ಒಳಗಿನ ಪಿನ್ನು ಸಡಿಲವಾಗಿ, ಬಿಸಿಯಾಗಿ, ಪ್ಲಾಸ್ಟಿಕ್ ಕಂದಿರುತ್ತದೆ. ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಸ್ಟೇಟರ್‌ನ ತಂತಿಗಳ ಪ್ರತಿ ಜೋಡಿಯ ನಡುವೆ ಎಸಿ ವೋಲ್ಟೇಜ್ ಸರಿಸುಮಾರು ಸಮ ಇರಬೇಕು, ಯಾವ ತಂತಿಗೂ ಎಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಇವೆರಡೂ ಸರಿ ಇದ್ದರೆ ಮಾತ್ರ ಆರ್‌ಆರ್ ಯೂನಿಟ್ ಮೇಲೆ ದೂರು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಚಿತ್ರದುರ್ಗದ ಬೋರ್‌ವೆಲ್ ನೀರಿನ ಬಿಳಿ ಕಲೆ ಪಾತ್ರೆಯ ಮೇಲೆ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಟೂರಿಂಗಿಗೆಂದು ಹಾಕಿಸುವ ಜೋಡಿ ಎಲ್‌ಇಡಿ ದೀಪ 40 ವ್ಯಾಟ್ ಎಂದರೆ 12 ವೋಲ್ಟಿಗೆ ಮೂರು ಆಂಪಿಯರಿಗೂ ಹೆಚ್ಚು. ಅದನ್ನು ಹೆಡ್‌ಲೈಟ್ ವೈರಿಗೆ ಸುತ್ತಿ ಟೇಪ್ ಹಚ್ಚುವುದು ಮೇಲೆ ಹೇಳಿದ ಕಂದಿದ ಕಪ್ಲರಿಗೆ ನೇರ ದಾರಿ. ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್, ನಡುವೆ ರಿಲೇ.

ಎಂಜಿನ್ ಆಯಿಲ್ 15ಡಬ್ಲ್ಯೂ50, ಡಬ್ಬಿಯ ಮೇಲೆ ಜಾಸೊ ಎಂಎ ಎಂದಿರಬೇಕು. ಕ್ಲಚ್ ಪ್ಲೇಟುಗಳು ಅದೇ ಆಯಿಲ್ಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಹಳೆ ಎಂಜಿನ್ನಿಗೆ 3000-4000 ಕಿಲೋಮೀಟರಿಗೊಮ್ಮೆ ಬದಲಿಸುವುದು ಲೇಸು, ಫಿಲ್ಟರ್ ಜೊತೆಗೇ. ಡಬ್ಬಿ ಲೆಕ್ಕದಲ್ಲಿ ಸುರಿಯಬೇಡಿ. ಎರಡು ಲೀಟರ್ ಹಾಕಿ, ಸೆಂಟರ್ ಸ್ಟ್ಯಾಂಡಿನಲ್ಲಿ ಎರಡು ನಿಮಿಷ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಗಾಜಿನ ಕಿಂಡಿಯಲ್ಲಿ ಮಟ್ಟ ನೋಡುತ್ತ ಉಳಿದದ್ದನ್ನು ತುಂಬಿ. ಬಿಚ್ಚಿದ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಕೈಬಲದಲ್ಲಿ ಬಿಗಿಯಿರಿ. ಅಲ್ಯುಮಿನಿಯಂ ಥ್ರೆಡ್ಡಿನ ಮೇಲೆ ಉದ್ದ ಪಾನಾ ಹಾಕಿ ಪೌರುಷ ತೋರಿಸಿದರೆ ಲೇತ್ ಅಂಗಡಿಗೆ ಹೋಗಿ ಹೊಸ ಥ್ರೆಡ್ ಹೊಡೆಸಬೇಕಾಗುತ್ತದೆ.

ಟ್ಯಾಪೆಟ್ ಸದ್ದಿಗೆ ಹಳೆ ಬುಲೆಟ್ಟಿನಂತೆ ಪಾನಾ ತರಬೇಡಿ. ಇದರಲ್ಲಿ ಹೊಂದಿಸುವುದೇ ಇಲ್ಲ, ಆಯಿಲ್ಲಿನ ಒತ್ತಡವೇ ಸಂದಿಯನ್ನು ತುಂಬುತ್ತದೆ. ಬೆಳಿಗ್ಗೆ ಕೆಲವು ಸೆಕೆಂಡು ಟಕಟಕ ಎಂದು ನಿಂತರೆ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಆಯಿಲ್ ಕಡಿಮೆ, ತೆಳು, ಅಥವಾ ಕೊಳೆ. ಅದನ್ನು ಸರಿಪಡಿಸಿ 200 ಕಿಲೋಮೀಟರ್ ಓಡಿಸಿದ ಮೇಲೂ ಉಳಿದ ಸದ್ದಿಗೆ ಮಾತ್ರ ಒಳಗೆ ಕೈ ಹಾಕಬೇಕು.

"ಎಂಜಿನ್ ಇಳಿಸ್ಬೇಕ್ರಿ" ಎಂಬ ಮಾತಿಗೆ ಹಳೆ ಗಾಡಿಯವರೆಲ್ಲ ಒಂದಲ್ಲ ಒಂದು ದಿನ ಕಿವಿ ಕೊಡಲೇಬೇಕು. ಅದಕ್ಕೆ ಪುರಾವೆ ಕೇಳಿ. ಚಳಿಯ ಮುಂಜಾನೆಯ ಬಿಳಿ ಹೊಗೆ ಬರೀ ಹಬೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದು, ಕಾರ್ಬೊರೇಟರಿನ ಅಥವಾ ಕಟ್ಟಿದ ಏರ್‌ಫಿಲ್ಟರಿನ ಕೆಲಸ. ನೀಲಿ ಹೊಗೆ ಮಾತ್ರ ಆಯಿಲ್ ಉರಿಯುವುದು. ಅದರಲ್ಲೂ ಯಾವಾಗ ಬರುತ್ತದೆ ಎಂಬುದೇ ಮುಖ್ಯ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ತಿರುಗಿಸಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಗೈಡ್. ಹೆಡ್ ಬಿಚ್ಚಿದರೆ ಸಾಕು. ಏರಿನಲ್ಲಿ ಭಾರ ಎಳೆಯುವಾಗ ಒಂದೇ ಸಮನೆ ಬಂದರೆ ರಿಂಗ್, ಬೋರ್. 1000 ಕಿಲೋಮೀಟರಿಗೆ ಎಷ್ಟು ಆಯಿಲ್ ಮೇಲೆ ಹಾಕಬೇಕಾಯಿತು ಎಂದು ಬರೆದಿಟ್ಟುಕೊಂಡವರಿಗೆ ಈ ಮಾತುಕತೆ ಸುಲಭ.

ಇನ್ನು ಚೈನ್. ಸುಗ್ಗಿಯಲ್ಲಿ ಚಳ್ಳಕೆರೆ, ಹೊಸದುರ್ಗ, ಜಗಳೂರು ಕಡೆಯ ರಸ್ತೆಗಳಲ್ಲಿ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುವುದನ್ನು ಎಲ್ಲರೂ ನೋಡಿದ್ದಾರೆ. ಅದರ ಮೇಲೆ ಹಾದುಹೋದ ಗಾಡಿಯ ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ ನೋಡಿ, ಒಳಗೆ ಹುಲ್ಲಿನ ಹಗ್ಗವೇ ಇರುತ್ತದೆ. ಅದು ಬಿಗಿಯಾಗಿ ಸುತ್ತುತ್ತ ಆಯಿಲ್ ಸೀಲಿನ ತುಟಿಯನ್ನು ಸವೆಸುತ್ತದೆ. ಸೈಲೆನ್ಸರ್ ಬೆಂಡಿಗೆ ಸಿಕ್ಕಿದ ಹುಲ್ಲು ಹೊಗೆಯಾಡುತ್ತದೆ. ಹೊಟ್ಟು ಏರ್‌ಫಿಲ್ಟರಿನ ಮಡಿಕೆಗಳಲ್ಲಿ ಕೂರುತ್ತದೆ. ಒಕ್ಕಣೆ ದಾಟಿದ ಮೇಲೆ ಎರಡು ನಿಮಿಷ ನಿಂತು ಕೈಯಿಂದ ಎಳೆದುಹಾಕಿದರೆ ಮುಗಿಯಿತು. ಭದ್ರಾ ಅಚ್ಚುಕಟ್ಟಿನ ಎರೆಮಣ್ಣಿನದ್ದು ಬೇರೆ ಕಥೆ. ಒದ್ದೆಯಾಗಿದ್ದಾಗ ಮಡ್‌ಗಾರ್ಡಿಗೂ ಟೈರಿಗೂ ನಡುವೆ ತುಂಬಿಕೊಳ್ಳುತ್ತದೆ, ಒಣಗಿದರೆ ಸಿಲಿಂಡರ್ ರೆಕ್ಕೆಗಳ ನಡುವೆ ಇಟ್ಟಿಗೆಯಾಗುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿಗೆ ಅದು ಕಂಬಳಿ. ಹಸಿಯಿದ್ದಾಗಲೇ ತೊಳೆಯಿರಿ, ಆದರೆ ಪ್ರೆಶರ್ ನೀರನ್ನು ಚಕ್ರದ ಬೇರಿಂಗ್, ಕಪ್ಲರ್, ಏರ್‌ಫಿಲ್ಟರ್ ಬಾಯಿಗೆ ಹೊಡೆಯಲು ಬಿಡಬೇಡಿ.

ಚೈನಿಗೆ ಗ್ರೀಸ್ ಬಳಿಯುವುದು ನಮ್ಮಲ್ಲಿ ರೂಢಿ. ಹೊಳಲ್ಕೆರೆ ಕಡೆಯ ಅದಿರಿನ ಕೆಂಪು ದೂಳು ಅದಕ್ಕೆ ಅಂಟಿದರೆ ಆಗುವುದು ಸಾಣೆ ಹಿಡಿಯುವ ಪೇಸ್ಟು. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಒರೆಸಿ, 90 ನಂಬರ್ ಗೇರ್ ಆಯಿಲನ್ನು ಒಳಬದಿಗೆ ಹನಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿಬಿಡಿ. 500 ಕಿಲೋಮೀಟರಿಗೊಮ್ಮೆ. ಸಡಿಲ 25-30 ಮಿ.ಮೀ. ಇರಬೇಕು, ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ. ಸವಕಳಿ ನೋಡಲು ಟೇಪು ಸಾಕು. ಈ ಚೈನಿನ ಪಿನ್ನಿನಿಂದ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿ.ಮೀ. ಇಪ್ಪತ್ತು ಕೊಂಡಿಗೆ ಹೊಸದರಲ್ಲಿ 317.5. ಎಳೆದು ಹಿಡಿದಾಗ 323 ದಾಟಿದ್ದರೆ ಚೈನ್ ಮುಗಿದಿದೆ. ಎರಡೂ ಸ್ಪ್ರಾಕೆಟ್ ಸಮೇತ ಬದಲಿಸಿ, ಹಳೆ ಹಲ್ಲು ಹೊಸ ಚೈನನ್ನು ಎರಡೇ ಸುಗ್ಗಿಯಲ್ಲಿ ತಿಂದುಹಾಕುತ್ತದೆ.

ಆಷಾಢದಲ್ಲಿ ಜೋಗಿಮಟ್ಟಿಯ ಗಾಳಿಯಂತ್ರಗಳು ಜೋರಾಗಿ ತಿರುಗುವ ದಿನ ಹೆದ್ದಾರಿ 48ರಲ್ಲಿ ದಾವಣಗೆರೆ ಕಡೆ ಹೊರಟರೆ ಗಾಳಿ ಎಡಮಗ್ಗುಲಿಗೆ ಬಡಿಯುತ್ತದೆ. ಗಾಡಿ ಓಲಾಡಿದರೆ ಎಲ್ಲವೂ ಗಾಳಿಯ ತಪ್ಪಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಟ್ಟನಡುವೆ ಗುಣಿಗೆ ಬಿದ್ದಂತೆ ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದಿದೆ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟ್ ಎಂದರೆ ಸಡಿಲವಾಗಿದೆ. ಹಿಂದಿನ ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿ ಸ್ವಿಂಗ್ ಆರ್ಮ್ ಬುಷ್ ನೋಡಿ. ಕಡ್ಡಿಗಳಿಗೆ ಪಾನಾದಿಂದ ಮೀಟುತ್ತ ಬನ್ನಿ, ಸಡಿಲ ಕಡ್ಡಿ ದಪ್ ಎನ್ನುತ್ತದೆ. ಟೈರಿನ ಬದಿಯ ನಾಲ್ಕಂಕಿ ವಾರ ಮತ್ತು ವರ್ಷ, 2319 ಎಂದರೆ 2019ರ 23ನೇ ವಾರ. ಟೈರಿನ ಗೀರು ಎಷ್ಟೇ ಆಳ ಉಳಿದಿದ್ದರೂ ಆರು ವರ್ಷ ದಾಟಿದ ಟೈರಿನಲ್ಲಿ ದೂರದ ಊರಿಗೆ ಹೊರಡಬೇಡಿ. ಡಿಸ್ಕ್ ಬ್ರೇಕಿನ ಡಾಟ್ 4 ಆಯಿಲ್ ಎರಡು ವರ್ಷಕ್ಕೊಮ್ಮೆ.

ಜೊತೆಗೆ ಒಯ್ಯಬೇಕಾದದ್ದು ಹೆಚ್ಚೇನಿಲ್ಲ: ಎರಡು ಪ್ಲಗ್, 0.7-0.8 ಮಿ.ಮೀ. ಗ್ಯಾಪ್ ಹೊಂದಿಸಿಟ್ಟದ್ದು. ಫ್ಯೂಸುಗಳು, ಚೈನ್ ಲಾಕ್, ಟ್ಯೂಬ್, ಒಂದಡಿ ಪೆಟ್ರೋಲ್ ಪೈಪ್, ಎರಡು ಮೀಟರ್ ವೈರ್, ಅಗ್ಗದ ಮಲ್ಟಿಮೀಟರ್. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಎರಡೂ ತುದಿಗೆ ಟೇಪು ಸುತ್ತಿಟ್ಟರೆ ತುಂಡಾದ ದಿನ ಟ್ಯಾಂಕು ಇಳಿಸುವ ಕೆಲಸ ತಪ್ಪುತ್ತದೆ.

ಇನ್ನೊಂದು ಎಂದರೆ ಮನೆಯಲ್ಲೇ ಇರುವ ಉಗುರು ಬಣ್ಣ. ಈ ಎಂಜಿನ್ನಿನ ನಡುಕಕ್ಕೆ ಬೋಲ್ಟುಗಳು ತಾವಾಗಿ ಸಡಿಲವಾಗುತ್ತವೆ. ಎಂಜಿನ್ ಕೂರಿಸಿದ ಬೋಲ್ಟ್, ಸೈಲೆನ್ಸರ್ ಬ್ರಾಕೆಟ್, ಹಿಂದಿನ ಆಕ್ಸಲ್, ಕ್ಯಾರಿಯರ್, ಬ್ರೇಕ್ ಕ್ಯಾಲಿಪರ್ ಇವನ್ನು ಎಂಜಿನ್ ತಣ್ಣಗಿದ್ದಾಗ ಸರಿಯಾಗಿ ಬಿಗಿದು, ನಟ್ಟಿನಿಂದ ಬಾಡಿಯವರೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆಯಿರಿ. ಚಹಾಕ್ಕೆ ನಿಂತಾಗ ಪಾನಾ ಹಿಡಿಯಬೇಕಿಲ್ಲ, ಲೋಟ ಕೈಯಲ್ಲಿ ಹಿಡಿದೇ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ಸಡಿಲವಾಗಿದೆ ಎಂದರ್ಥ. ಮೊದಲು ಮುರಿಯುವುದು ಸಾಮಾನ್ಯವಾಗಿ ಸೈಲೆನ್ಸರ್ ಬ್ರಾಕೆಟ್ಟಿನ ಗೆರೆ.